ಬುಡ ಬಿಚ್ಚದ ಜಿಪ್ಪು

ನನಗೆ ಆಗ ಅರವತ್ತಮೂರು ವರ್ಷ. ಇದು ನಡೆದು ಐದು ವರ್ಷವಾಯಿತು. ಅಲ್ಲಿಯ ತನಕ ನಾನು ಜಿಪ್ಪನ್ನು ಕಣ್ಣಿಟ್ಟು ನೋಡಿದವಳೇ ಅಲ್ಲ.

ನೋಡುವ ಅಗತ್ಯವೂ ಇರಲಿಲ್ಲ. ನನ್ನದು ಹುಕ್ಕಿನ ಕೆಲಸ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಬೀದಿಯ ಟೈಲರ್ ಬ್ಲೌಸ್ ಕತ್ತರಿಸಿ, ಮಿಷನ್ನಿನಲ್ಲಿ ಹೊಲಿದು, ಕಟ್ಟು ಕಟ್ಟಿ ಕಳಿಸುತ್ತಿದ್ದರು. ಹುಕ್ಕು ಹಾಕುವುದು, ಅದರ ಎದುರಿಗೆ ದಾರದ ಕುಣಿಕೆ ಮಾಡುವುದು, ಕೆಳಗಿನ ಅಂಚು ಮಡಚಿ ಕೈಹೊಲಿಗೆ ಹಾಕುವುದು ನನ್ನ ಪಾಲು. ಒಂದು ಬ್ಲೌಸಿಗೆ ಆರು ಹುಕ್ಕು. ಮೂವತ್ತು ವರ್ಷ ಇದನ್ನೇ ಮಾಡಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬ್ಲೌಸಿಗೆ ಪಿನ್ನು ಚುಚ್ಚಿ ಕಳಿಸುವ ಚೀಟಿ ಓದಲು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಓದುವ ಸಂದರ್ಭ ಬೀಳಲಿಲ್ಲ.

ಜಿಪ್ಪಿಗೆ ನಾವು ಚೈನು ಎನ್ನುತ್ತಿದ್ದೆವು. ಬ್ಯಾಗಿನ ಚೈನು, ಪ್ಯಾಂಟಿನ ಚೈನು, ಸ್ವೆಟರಿನ ಚೈನು. ಅದರ ಮೇಲೆ ಓಡಾಡುವ ತುಂಡು ರನ್ನರ್. ಇಷ್ಟೇ ನನಗೆ ಗೊತ್ತಿದ್ದ ಮಾತು. ಕೆಲವು ಚೀಟಿಗಳಲ್ಲಿ ಓಪನ್ ಎಂಡ್, ಕ್ಲೋಸ್ ಎಂಡ್ ಎಂದು ಬರೆದಿರುತ್ತಿತ್ತು. ಅಂಥ ಬಟ್ಟೆ ನನ್ನ ಕೈಗೆ ಬರುತ್ತಿರಲಿಲ್ಲ, ತಪ್ಪಿ ಬಂದರೆ ಹಾಗೆಯೇ ವಾಪಸು ಕಳಿಸುತ್ತಿದ್ದೆ. ಹಾಗೆಂದರೆ ಏನು ಎಂದು ಯಾರನ್ನೂ ಕೇಳಿರಲಿಲ್ಲ. ಕೇಳುವ ಹಾಗೆ ಮಾಡಿದವಳು ನನ್ನ ಅಕ್ಕ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಭದ್ರಾವತಿಯ ನ್ಯೂ ಟೌನಿನಲ್ಲಿದ್ದಾಳೆ. ಭಾವ ತೀರಿಕೊಂಡು ಬಹಳ ಕಾಲವಾಯಿತು. ಮಗ ಲಾರಿ ಓಡಿಸುತ್ತಾನೆ, ಹೋದರೆ ನಾಲ್ಕು ದಿನ ಮನೆಯ ಕಡೆ ಇಲ್ಲ. ಸೊಸೆ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಏಳೂವರೆಗೆ ಹೊರಟರೆ ಮನೆಗೆ ಬರುವುದು ಮಧ್ಯಾಹ್ನ ಎರಡಕ್ಕೆ. ಆ ವರ್ಷ ಯುಗಾದಿ ಕಳೆದ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಕಾಲು ಎರಡು ಮೂರು ತಿಂಗಳಲ್ಲಿ ಸುಧಾರಿಸಿತು. ಎಡಗೈ ಸುಧಾರಿಸಲಿಲ್ಲ. ಭುಜದಿಂದ ಕೆಳಗೆ ಸುಮ್ಮನೆ ನೇತಾಡುತ್ತಿತ್ತು.

ಅಕ್ಕ ಅತ್ತು ಕರೆಯುವ ಜಾತಿಯವಳಲ್ಲ. ಒಂದು ಕೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತಳು. ಸ್ಟೂಲಿನ ಮೇಲೆ ಕೂತು ತಾನೇ ಸ್ನಾನ ಮಾಡುತ್ತಿದ್ದಳು. ಲಾಡಿ ಕಟ್ಟಲಾಗದು ಎಂದು ಲಂಗಕ್ಕೆ ಎಲಾಸ್ಟಿಕ್ ಹಾಕಿಸಿಕೊಂಡಳು. ಗೋಡೆಗೆ ಒರಗಿ, ನೆರಿಗೆ ಇಲ್ಲದೆ ಸೀರೆ ಸುತ್ತಿ ಸಿಕ್ಕಿಸುವುದಕ್ಕೆ ಹದಿನೈದು ದಿನ ಒದ್ದಾಡಿದಳು, ಅದೂ ಬಂತು. ಉಳಿದದ್ದು ಬ್ಲೌಸಿನ ಆರು ಹುಕ್ಕು. ಒಂದು ಕೈ ಹುಕ್ಕನ್ನು ಹಿಡಿಯಬೇಕು, ಇನ್ನೊಂದು ಕೈ ಕುಣಿಕೆಯನ್ನು ಎಳೆದು ತಂದು ಕೊಡಬೇಕು. ಅದು ಎರಡು ಕೈಯ ಕೆಲಸ. ಮೂವತ್ತು ವರ್ಷ ಹುಕ್ಕು ಹೊಲಿದ ನನಗೂ ಆ ತನಕ ಅದು ಗೊತ್ತಿರಲಿಲ್ಲ.

ನಮ್ಮಲ್ಲಿ ಸ್ನಾನವಾದ ಮೇಲೆ ಲಿಂಗಪೂಜೆ. ಪೂಜೆ ಆಗದೆ ಅಕ್ಕ ಬಾಯಿಗೆ ಏನೂ ಹಾಕುವುದಿಲ್ಲ. ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇರುತ್ತದೆ, ಅದರೊಳಗಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡಬೇಕು. ಅವಳು ಬಿದ್ದುಹೋದ ಆ ಎಡಗೈಯನ್ನು ಬಲಗೈಯಿಂದ ಎತ್ತಿ ಮಣೆಯ ಮೇಲಿಟ್ಟು, ಒಂದೊಂದೇ ಬೆರಳು ಬಿಡಿಸಿ, ಅದರ ಮೇಲೆಯೇ ಲಿಂಗವಿಡುತ್ತಿದ್ದಳು. ಅದರಲ್ಲೇನೂ ತೊಂದರೆ ಇರಲಿಲ್ಲ. ಆದರೆ ನೈಟಿ ಹಾಕಿಕೊಂಡು ಪೂಜೆಗೆ ಕೂರಲು ಒಪ್ಪಲಿಲ್ಲ. ಬ್ಲೌಸು ಸೀರೆ ಇರಲೇಬೇಕು. ಬೆಳಗಿನ ಜಾವ ಅವಳ ಮೈ ಬಿಗಿದುಕೊಂಡಿರುತ್ತಿತ್ತು, ಎಂಟರ ಮೇಲೇ ಸ್ನಾನ. ಅಷ್ಟರಲ್ಲಿ ಸೊಸೆ ಶಾಲೆಗೆ ಹೋಗಿಯಾಗಿರುತ್ತಿತ್ತು. ಸೊಸೆ ವಾಪಸು ಬಂದು ಹುಕ್ಕು ಹಾಕಿ, ಪೂಜೆ ಆಗಿ, ಅಕ್ಕ ತುತ್ತು ಎತ್ತುವಾಗ ಎರಡೂವರೆ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಒಂದು ದಿನ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಿ ಅಡುಗೆಮನೆಯ ಬಾಗಿಲಲ್ಲಿ ಬಿದ್ದಳು. ಹಣೆ ಒಡೆದು ಮೂರು ಹೊಲಿಗೆ ಬಿತ್ತು. ಸುದ್ದಿ ಬಂದ ಕೂಡಲೇ ನಾನು ಭದ್ರಾವತಿಗೆ ಹೋದೆ.

ಅಲ್ಲಿ ಅತ್ತೆ ಸೊಸೆಯ ಮಾತು ನಡೆದೇ ಇತ್ತು.

"ನೈಟಿಲೇ ಪೂಜೆ ಮಾಡ್ಕೊಂಡ್ ತಿಂಡಿ ತಿನ್ನಿ ಅತ್ತೆ. ಶಿವ ಏನ್ ಬಟ್ಟೆ ನೋಡ್ತಾನಾ?" ಎಂದಳು ಸೊಸೆ.

"ಶಿವ ನೋಡಲ್ಲ ಕಣೇ. ನಾನ್ ನೋಡ್ತೀನಲ್ಲ," ಎಂದಳು ಅಕ್ಕ.

"ಹಂಗಾದ್ರೆ ಪಕ್ಕದ ಮನೆಯವ್ರನ್ನ ಕರೀರಿ. ಎರಡು ನಿಮಿಷದ ಕೆಲಸ."

"ದಿನಾ ಒಬ್ರ ಮುಂದೆ ಎದೆ ಬಿಟ್ಕೊಂಡು ನಿಂತ್ಕೊಳ್ಳಾ? ನೀನು ನಿಂತ್ಕೋತೀಯಾ?"

ಸೊಸೆ ನನ್ನ ಕಡೆ ತಿರುಗಿದಳು. "ನೀವೇ ಹೇಳಿ ಚಿಕ್ಕತ್ತೆ. ಇವ್ರು ಹಿಂಗೇ ಉಪವಾಸ ಕೂತ್ರೆ ನಾನು ಕೆಲಸ ಬಿಡ್ಬೇಕಷ್ಟೇ. ಮುಂದಿನ ತಿಂಗಳಿಂದ ಬರಲ್ಲ ಅಂತ ಶಾಲೇಲಿ ಹೇಳ್ಬಿಡ್ತೀನಿ."

"ಬಿಟ್ರೆ ನಾನು ಎರಡು ಗಂಟೆಗೂ ತಿನ್ನಲ್ಲ, ನೋಡ್ತಿರು," ಎಂದಳು ಅಕ್ಕ. ಹಣೆಯ ಮೇಲೆ ಬಿಳಿ ಪಟ್ಟಿ, ಆದರೂ ಆ ಗತ್ತು.

"ಕೆಲಸ ಬಿಡ್ಬೇಡ ಕಣಮ್ಮ, ಒಂದಷ್ಟು ದಿನ ತಡಿ," ಎಂದೆ ನಾನು. ತಡೆದರೆ ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಮೊದಲು ದೊಡ್ಡ ಹುಕ್ಕು ಹಾಕಿ ನೋಡಿದೆ. ಕೋಟಿಗೆ ಹಾಕುವಂಥವು. ಆಗಲಿಲ್ಲ. ಆಮೇಲೆ ಟಿಚ್ ಬಟನ್ ಹಾಕಿದೆ. ಅದನ್ನು ಒತ್ತಲು ಹಿಂದೆ ಏನಾದರೂ ಗಟ್ಟಿ ಇರಬೇಕಲ್ಲ, ಇಲ್ಲಿ ಹಿಂದೆ ಇರುವುದು ಅಕ್ಕನ ಪಕ್ಕೆಲುಬು. ಎರಡು ಸಲ ಒತ್ತಿ ಮೂರನೆಯ ಸಲ ಬ್ಲೌಸ್ ಬಿಚ್ಚಿ ನನ್ನ ಮುಖಕ್ಕೆ ಎಸೆದಳು. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ಬಾಣಂತಿ ಕೂತಿದ್ದಳು. ಎಡಗೈ ಪೂರ್ತಿ ಮಗು. ಮಗು ರಚ್ಚೆ ಹಿಡಿಯಿತು. ಅವಳು ಬ್ಯಾಗನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು, ಬಲಗೈಯಿಂದ ಚೈನು ಸರಕ್ಕನೆ ಎಳೆದು, ಬಾಟಲಿ ತೆಗೆದು ಮಗುವಿನ ಬಾಯಿಗಿಟ್ಟು, ಚೈನನ್ನು ಮತ್ತೆ ಎಳೆದು ಮುಚ್ಚಿದಳು. ಇಷ್ಟಕ್ಕೂ ಅವಳು ಬ್ಯಾಗಿನ ಕಡೆ ನೋಡಲೂ ಇಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ಆ ಬ್ಯಾಗನ್ನೇ ನೋಡಿದೆ. ಒಂದೇ ಕೈ. ನೂರು ಸಲ ಕಂಡದ್ದೇ, ಆದರೆ ಕಂಡಿರಲಿಲ್ಲ.

ಮನೆಗೆ ಹೋಗದೆ ನೇರ ಗಾಂಧಿ ಬಜಾರಿಗೆ ನಡೆದೆ. ಬಟನ್ನು, ಲೇಸು, ದಾರ ಮಾರುವ ಅಂಗಡಿಯೊಂದು ಅಲ್ಲಿದೆ. ಹುಕ್ಕಿನ ಪಾಕೀಟು ನಾನು ಕೊಳ್ಳುತ್ತಿದ್ದದ್ದು ಅಲ್ಲೇ.

"ಒಂದು ಚೈನು ಕೊಡಪ್ಪ, ಬ್ಲೌಸಿಗೆ," ಎಂದೆ.

"ಓಪನ್ ಎಂಡಾ, ಕ್ಲೋಸ್ ಎಂಡಾ ಅಮ್ಮ?"

"ಅದೆಲ್ಲ ನಂಗೊತ್ತಿಲ್ಲ. ಹಾಕ್ಬೇಕು, ತೆಗೀಬೇಕು."

ಅಂಗಡಿಯವನಿಗೆ ನಗು. "ಹುಕ್ಕು ಅಂದ್ರೆ ಝೀರೋ ನಂಬರ್ ಸೈಜಾ ಒಂದಾ ಅಂತ ನನಗೇ ಪಾಠ ಹೇಳ್ತೀರಿ, ಜಿಪ್ಪು ಗೊತ್ತಿಲ್ಲ ಅಂತೀರಿ. ಬನ್ನಿ ಇಲ್ಲಿ, ತೋರಿಸ್ತೀನಿ."

ಎರಡು ಜಿಪ್ಪು ತೆಗೆದು ಗಾಜಿನ ಮೇಲೆ ಉದ್ದಕ್ಕೆ ಮಲಗಿಸಿದ. ಒಂದರ ರನ್ನರನ್ನು ಕೆಳತನಕ ಎಳೆದ. ಬುಡದಲ್ಲಿ ಒಂದು ಸಣ್ಣ ಕಡ್ಡಿ ಗೂಡಿನಿಂದ ಹೊರಬಂತು, ಎರಡು ಪಟ್ಟಿ ಬೇರೆ ಬೇರೆಯಾಗಿ ಬಿದ್ದವು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. "ಇದು ಓಪನ್ ಎಂಡ್. ಜರ್ಕಿನ್‌ಗೆ, ಸ್ವೆಟರ್‌ಗೆ." ಇನ್ನೊಂದನ್ನು ಎಳೆದ. ಅದು ಬುಡದ ತನಕ ಬಂದು ನಿಂತಿತು. ಅಲ್ಲಿ ಒಂದು ಲೋಹದ ತಡೆ ಕೂತಿತ್ತು, ಮೇಲೆಲ್ಲ ಬಾಯಿ ತೆರೆದರೂ ಬುಡ ಬಿಡಲಿಲ್ಲ. "ಇದು ಕ್ಲೋಸ್ ಎಂಡ್. ಪ್ಯಾಂಟಿಗೆ, ಪರ್ಸಿಗೆ, ದಿಂಬಿನ ಕವರಿಗೆ."

ಪೂರ್ತಿ ಎರಡಾಗಬೇಕಾದ ಕಡೆ ಓಪನ್ ಎಂಡ್, ಎರಡಾಗಬಾರದ ಕಡೆ ಕ್ಲೋಸ್ ಎಂಡ್. ಚೀಟಿಗಳಲ್ಲಿ ಅಷ್ಟು ವರ್ಷ ಕಂಡ ಮಾತಿನ ಅರ್ಥ ಇಷ್ಟೇ. ಬುಡ ಬಿಚ್ಚುವುದು, ಬುಡ ಬಿಚ್ಚದ್ದು. ಅರ್ಥ ಸಣ್ಣದು. ಆದರೆ ಆ ಗಾಜಿನ ಮೇಲೆ ಎರಡನ್ನೂ ಹತ್ತಿರ ಎಳೆದುಕೊಂಡು ಮತ್ತೆ ಮತ್ತೆ ನೋಡಿದೆ. ಅಕ್ಕನಿಗೆ ಯಾವುದು ಎಂದು ತಿಳಿಯಬೇಕಿತ್ತು.

ಬ್ಲೌಸ್ ಮುಂದೆ ಪೂರ್ತಿ ಬಿಚ್ಚುವಂಥದ್ದು, ಅದಕ್ಕೆ ಓಪನ್ ಎಂಡೇ ಸರಿ ಎಂದು ಮೊದಲು ಅನ್ನಿಸಿತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯೊಂದರಲ್ಲೇ ಆ ಕಡ್ಡಿಯನ್ನು ಗೂಡಿಗೆ ಹೊಗಿಸಲು ನೋಡಿದೆ. ಗೂಡು ಜಾರುತ್ತದೆ. ಗೂಡನ್ನು ಹಿಡಿದರೆ ಕಡ್ಡಿ ಹಿಡಿಯಲು ಬೆರಳಿಲ್ಲ. ಅಂಗಡಿಗೆ ಬಂದವರು ನಿಂತು ನೋಡುತ್ತಿದ್ದರು.

"ಏನಮ್ಮ, ಕೈಗೆ ಏನಾಯ್ತು?"

"ನನ್ನ ಕೈಗಲ್ಲ, ಸುಮ್ನಿರಪ್ಪ."

ಬುಡ ಬಿಚ್ಚದ್ದನ್ನು ಎತ್ತಿಕೊಂಡು ಒಂದು ಕೈಯಲ್ಲಿ ಎಳೆದೆ. ಮುಚ್ಚಿತು. ಇಳಿಸಿದೆ, ತೆರೆಯಿತು. ಬುಡ ಕೂಡಿಯೇ ಇರುತ್ತದೆ, ಕೂಡಿಸುವ ಕೆಲಸವೇ ಇಲ್ಲ. ಅಕ್ಕ ನೈಟಿಯನ್ನು ತಲೆಯ ಮೇಲಿಂದ ಹಾಕಿಕೊಳ್ಳುತ್ತಿದ್ದಳು, ಮೊದಲು ಬಿದ್ದ ಕೈ, ಆಮೇಲೆ ತಲೆ, ಆಮೇಲೆ ಒಳ್ಳೆಯ ಕೈ. ಬ್ಲೌಸನ್ನೂ ಹಾಗೆಯೇ ಹಾಕಿಕೊಂಡು ಎಳೆದರೆ ಮುಗಿಯಿತು. ಲಕ್ವ ಹೊಡೆದ ಮೇಲೆ ಇಳಿದು ಹೋಗಿದ್ದಳು, ಹಳೆಯ ಬ್ಲೌಸುಗಳು ಹೇಗೂ ಸಡಿಲ.

"ಕ್ಲೋಸ್ ಎಂಡ್ ಕೊಡು. ಎಂಟು ಇಂಚು," ಎಂದೆ. ಆ ಮಾತನ್ನು ನಾನು ಬಾಯಿಂದ ಆಡಿದ್ದು ಅದೇ ಮೊದಲು.

ಮನೆಗೆ ಬಂದು ಅನ್ನಕ್ಕಿಟ್ಟು, ಬಾಗಿಲ ಬೆಳಕಿಗೆ ಆ ಜಿಪ್ಪನ್ನು ಹಿಡಿದುಕೊಂಡು ಕೂತೆ. ಎರಡು ಸಾಲು ಹಲ್ಲು. ಬೆರಳಿನಿಂದ ಒತ್ತಿ ಕೂಡಿಸಲು ನೋಡಿದೆ, ಕೂಡಲಿಲ್ಲ. ಕೂಡಿದ್ದನ್ನು ಎರಡೂ ಕೈಯಿಂದ ಜಗ್ಗಿದೆ, ಬಿಡಲಿಲ್ಲ. ನನ್ನ ಇಡೀ ಬಲಕ್ಕೆ ಜಗ್ಗದ್ದು ರನ್ನರಿನ ಒಂದು ಸಣ್ಣ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ರನ್ನರಿನೊಳಗೆ ಏನಿದೆ ಎಂದು ಸೂಜಿ ಹಾಕಿ ಕೆದಕಿದೆ. ಸ್ಪ್ರಿಂಗ್ ಇಲ್ಲ, ಅಂಟು ಇಲ್ಲ, ಏನೂ ಇಲ್ಲ. ಒಂದು ಕಡೆಯಿಂದ ಎರಡು ದಾರಿ ಒಳಗೆ ಬರುತ್ತವೆ, ಇನ್ನೊಂದು ಕಡೆಯಿಂದ ಒಂದೇ ದಾರಿ ಹೊರಗೆ ಹೋಗುತ್ತದೆ. ಆ ದಾರಿ ಸ್ವಲ್ಪ ಬಾಗಿದೆ, ಅಷ್ಟೇ. ಪಟ್ಟಿ ಬಾಗುವಾಗ ಹಲ್ಲಿನ ನಡುವೆ ಸಂದು ಬಿಡುತ್ತದೆ, ಆ ಸಂದಿಗೆ ಎದುರಿನ ಹಲ್ಲು ಬಂದು ಕೂರುತ್ತದೆ, ಪಟ್ಟಿ ನೇರವಾದ ಕೂಡಲೇ ಸಂದು ಮುಚ್ಚಿ ಹಲ್ಲು ಒಳಗೇ ಉಳಿಯುತ್ತದೆ. ಇದು ತಿಳಿಯಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಅನ್ನ ತಳ ಹಿಡಿದು ವಾಸನೆ ಬಂದ ಮೇಲೆ ಎದ್ದೆ.

ಯಾರೋ ಒಬ್ಬರ ತಲೆಯಲ್ಲಿ ಇದು ಮೊದಲು ಹುಟ್ಟಿರಬೇಕು. ಬಾಗಿದರೆ ಬಿಡುತ್ತದೆ, ನೇರವಾದರೆ ಹಿಡಿಯುತ್ತದೆ ಎಂದು ಅವರು ಎಲ್ಲಿ ಕೂತು ಕಂಡರೋ. ನಾನು ದೇವಸ್ಥಾನದ ಕೆತ್ತನೆ ನೋಡಿದ್ದೇನೆ, ಭದ್ರಾ ಅಣೆಕಟ್ಟು ನೋಡಿದ್ದೇನೆ. ಅವನ್ನು ನೋಡಿದಾಗ ಇಷ್ಟು ಬೆರಗಾಗಲಿಲ್ಲ. ಅವು ದೊಡ್ಡವು, ದೊಡ್ಡದನ್ನು ನೋಡಿದರೆ ಯಾರಾದರೂ ಬಾಯಿ ಬಿಡುತ್ತಾರೆ. ಇದು ಬೆರಳಿನಷ್ಟು. ದಿನಾ ಕಣ್ಣೆದುರೇ ಇದ್ದದ್ದು, ಪೇಟೆಯಲ್ಲಿ ರಾಶಿ ರಾಶಿ ಬಿದ್ದಿರುವುದು.

ಮಾರನೆಯ ದಿನ ಟೈಲರ್ ಅಂಗಡಿಗೆ ಹೋಗಿ ಜಿಪ್ಪು ಹೊಲಿಯುವುದನ್ನು ಕೇಳಿದೆ.

"ಏನಜ್ಜಿ, ಹುಕ್ಕಿನ ಪಾರ್ಟಿ ಬಿಟ್ಟು ಜಿಪ್ಪಿನ ಪಾರ್ಟಿ ಸೇರಿದ್ರಾ?" ಎಂದರು ಟೈಲರ್.

"ಸೇರಿದೆ. ಹೇಳ್ಕೊಡ್ತೀರೋ ಇಲ್ವೋ ಮಾಸ್ಟ್ರೇ?"

ಹೇಳಿಕೊಟ್ಟರು. ಹುಕ್ಕಿನ ಪಟ್ಟಿ ಬಿಚ್ಚಿ, ಆ ಜಾಗಕ್ಕೆ ಜಿಪ್ಪು ಕೂರಿಸಿ, ಬುಡದ ಎರಡಿಂಚು ಕೂಡಿಸಿ ಹೊಲಿದೆ. ಮಿಷನ್ ನಂಬದೆ ಪೂರ್ತಿ ಕೈಯಲ್ಲೇ ಹೊಲಿದೆ. ಮೂರನೆಯ ದಿನ ಭದ್ರಾವತಿಗೆ ಒಯ್ದೆ.

ಅಕ್ಕ ಸ್ನಾನ ಮುಗಿಸಿ ಬಂದು ಅನುಮಾನದಿಂದಲೇ ಹಾಕಿಕೊಂಡಳು. ತಲೆಯ ಮೇಲಿಂದ ಸಲೀಸಾಗಿ ಇಳಿಯಿತು. ನಾನು ಕೆಳಗಿನ ಅಂಚನ್ನು ಹಿಡಿದುಕೊಂಡೆ, ಅವಳು ರನ್ನರ್ ಹಿಡಿದು ಮೇಲಕ್ಕೆ ಎಳೆದಳು. ಮುಕ್ಕಾಲು ಹೋಯಿತು. ಆಮೇಲೆ ಕಚ್ಚಿಕೊಂಡಿತು. ಅವಳು ಇನ್ನೂ ಜೋರಾಗಿ ಎಳೆದಳು.

"ತಡಿ, ತಡಿ," ಎಂದೆ. ನೋಡಿದರೆ ಶಿವದಾರ ರನ್ನರಿನ ಬಾಯೊಳಗೆ ಹೋಗಿ ಕೂತಿತ್ತು.

ನನ್ನ ಕೊರಳಲ್ಲೂ ಅದೇ ದಾರ ಇದೆ. ದಿನಾ ಅದರ ಮೇಲೇ ಬ್ಲೌಸ್ ಹಾಕುತ್ತೇನೆ. ಆದರೂ ಹೊಳೆದಿರಲಿಲ್ಲ. ಹುಕ್ಕು ದಾರವನ್ನು ಕಚ್ಚುವುದಿಲ್ಲ, ಹುಕ್ಕು ಹಾಕುವವಳಿಗೆ ಆ ಭಯವೇ ಗೊತ್ತಿಲ್ಲ. ರನ್ನರ್ ಮೇಲೂ ಹೋಗದು, ಕೆಳಗೂ ಬಾರದು. ಬ್ಲೌಸ್ ತಲೆಯ ಮೇಲಿಂದ ತೆಗೆಯೋಣ ಎಂದರೆ ದಾರವೂ ಲಿಂಗವೂ ಅದರ ಜೊತೆಗೇ ಬರುತ್ತವೆ. ಮೈ ಮೇಲಿಂದ ಲಿಂಗ ಹೋಗುವುದು ಎಂದರೆ ಅಕ್ಕನಿಗೆ ಜೀವ ಹೋದ ಹಾಗೆ.

ನಾನು ಕತ್ತರಿ ತೆಗೆದೆ.

"ದಾರಕ್ಕೆ ಕತ್ತರಿ ಮುಟ್ಸಿದ್ರೆ ನಿನ್ನ ಕೈ ಕತ್ತರಿಸ್ತೀನಿ," ಎಂದಳು.

"ದಾರ ಅಲ್ಲ ಮಾರಾಯ್ತಿ, ಬಟ್ಟೆ ಕತ್ತರಿಸ್ತೀನಿ."

"ಬಟ್ಟೆ ಕತ್ತರಿಸಿದ್ರೆ ಆ ಹಾಳು ತುಂಡು ದಾರದಲ್ಲೇ ನೇತಾಡುತ್ತಲ್ಲೇ. ಅದನ್ನ ಕಟ್ಕೊಂಡು ಪೂಜೆ ಮಾಡ್ಲಾ?"

ಸರಿಯಾದ ಮಾತೇ. ಮೇಣದ ಬತ್ತಿ ಉಜ್ಜಿದೆ, ಸೂಜಿಯಿಂದ ಕೆದಕಿದೆ. ಒಂದು ಗಂಟೆ ಹೊತ್ತು ಹೋಯಿತು. ಅಕ್ಕ ಹಸಿದು ಬೆವರತೊಡಗಿದಳು. ಒಂದು ಚಮಚ ಸಕ್ಕರೆಯಾದರೂ ಬಾಯಿಗೆ ಹಾಕಿಕೋ ಎಂದರೆ ತುಟಿ ಬಿಗಿದಳು. ಕೊನೆಗೆ ಅವಳ ಮಗನ ಸಾಮಾನಿನ ಡಬ್ಬಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು, ರನ್ನರಿನ ಬಾಯಿಗೆ ಕೊಟ್ಟು ಮೀಟಿದೆ. ಬಾಯಿ ಅಗಲಿತು. ದಾರ ಬಂತು. ಒಂದು ಎಳೆ ಜೂಲೆದ್ದಿತ್ತು, ತುಂಡಾಗಿರಲಿಲ್ಲ. ಜಿಪ್ಪು ಕೆಟ್ಟಿತು.

ಅಕ್ಕ ದಾರವನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇನ್ನೊಂದ್ಸಲ ಜಿಪ್ಪು ಅಂತ ಈ ಮನೆಗೆ ಬಂದ್ರೆ ಹೊಸ್ಲು ದಾಟ್ಸಲ್ಲ. ಸಾಲದ್ದಕ್ಕೆ ಕೆಳಗೆ ನೀನು ಹಿಡ್ಕೊಂಡಿದ್ದೆ. ನೀನು ಹಿಡ್ಕೊಂಡ್ರೆ ನಾನೊಬ್ಳೇ ಹಾಕ್ಕೊಂಡಂಗಾಯ್ತಾ?"

ನಾನು ಹುಕ್ಕಿನ ಬ್ಲೌಸ್ ತಂದು ಹಾಕಲು ಹೋದರೆ ಕೈ ತಳ್ಳಿದಳು, ಸೊಸೆ ಬಂದ ಮೇಲೆಯೇ ಹಾಕಿಸಿಕೊಂಡಳು. ಅಂದು ಅವಳು ಉಂಡದ್ದು ಮೂರು ಗಂಟೆಗೆ. ಸೊಸೆ ಕೆಲಸ ಬಿಡುತ್ತೇನೆಂದು ಶಾಲೆಗೆ ಕೊಡುವ ಕಾಗದ ಬರೆದು ಮೇಜಿನ ಮೇಲಿಟ್ಟಿದ್ದಳು. ಸೋಮವಾರ ಕೊಡುತ್ತೇನೆ ಎಂದಳು. ಅಂದು ಬುಧವಾರ.

ಬೈದರೆ ಬೈಯಲಿ, ನನಗೆ ಕೋಪ ಬರಲಿಲ್ಲ. ಅವಳು ಹೇಳಿದ ಎರಡೂ ಸರಿ. ಆದರೆ ಮುಕ್ಕಾಲು ತನಕ ಹೋಗಿತ್ತಲ್ಲ, ಒಂದೇ ಕೈಯಲ್ಲಿ. ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ಊರಿಗೆ ಬಂದು ಟೈಲರಿಗೆ ದಾರ ಸಿಕ್ಕಿಕೊಂಡ ಕತೆ ಹೇಳಿದೆ. ಅವರು ನಗಲಿಲ್ಲ. ರಿಪೇರಿಗೆ ಬಂದಿದ್ದ ಒಂದು ಜರ್ಕಿನ್ನು ತೆಗೆದು ನನ್ನ ಮುಂದೆ ಹಾಕಿದರು. "ಒಳಗೆ ಕೈಯಾಡಿಸಿ ನೋಡಿ. ಜಿಪ್ಪಿನ ಹಿಂದೆ ಬಟ್ಟೆ ಪಟ್ಟಿ ಇದೆಯಲ್ಲ, ಮೇಲೆ ಬಂದು ಜಿಪ್ಪಿನ ತುದಿ ಮೇಲೆ ಮಡಚ್ಕೊಂಡಿದೆ ನೋಡಿ. ಗಡ್ಡ ಸಿಗಬಾರ್ದು ಅಂತ."

"ಗಂಡಸ್ರ ಗಡ್ಡಕ್ಕೆ ಇಷ್ಟು ಯೋಚನೆ ಮಾಡಿದಾರೆ. ನಮ್ಮ ದಾರಕ್ಕೆ ಯಾರೂ ಮಾಡ್ಲಿಲ್ಲ," ಎಂದೆ.

"ನೀವ್ ಮಾಡಿ," ಎಂದರು.

ಮಾಡಿದೆ. ಕೆಟ್ಟ ಜಿಪ್ಪಿನ ಜಾಗಕ್ಕೆ ಹೊಸದನ್ನು ಹಾಕಿ, ಹಳೆಯ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಎರಡು ಬೆರಳಗಲದ ಪಟ್ಟಿ ಹೊಲಿದು ಜಿಪ್ಪಿನ ಹಿಂದೆ ಉದ್ದಕ್ಕೂ ಕೂರಿಸಿದೆ. ಕುತ್ತಿಗೆಯ ಹತ್ತಿರ ಅದನ್ನು ಮೇಲಕ್ಕೆ ತಂದು ಮಡಚಿದೆ. ಈಗ ದಾರಕ್ಕೂ ಹಲ್ಲಿಗೂ ನಡುವೆ ಗೋಡೆ. ರನ್ನರಿಗೆ ಹೆಬ್ಬೆರಳು ಹೊಗುವಷ್ಟು ದೊಡ್ಡ ಬಳೆ ಹಾಕಿದೆ. ಅಂಚು ಹಿಡಿಯುವವರಿಲ್ಲ ಎಂಬುದಕ್ಕೆ ಬುಡದಲ್ಲಿ ಒಂದು ಗೇಣುದ್ದ ಲಾಡಿಯ ಬಾಲ ಬಿಟ್ಟೆ. ಅದನ್ನು ಲಂಗದ ಎಲಾಸ್ಟಿಕ್ಕಿಗೆ ಸಿಕ್ಕಿಸಿಕೊಂಡರೆ ಬ್ಲೌಸ್ ಮೇಲಕ್ಕೆ ಏಳುವುದಿಲ್ಲ ಎಂದು ನನ್ನ ಲೆಕ್ಕ. ನಾನೇ ಒಂದು ಹಳೆಯ ಬ್ಲೌಸಿಗೆ ಹಾಗೆ ಮಾಡಿ, ಕೊರಳಿನ ದಾರವನ್ನು ಬೇಕೆಂದೇ ಮುಂದಕ್ಕೆ ತಂದು, ಒಂದು ಕೈಯಲ್ಲಿ ಇಪ್ಪತ್ತು ಸಲ ಎಳೆದು ನೋಡಿದೆ. ಒಂದು ಸಲವೂ ಸಿಗಲಿಲ್ಲ. ಆದರೆ ನನ್ನ ಎಡಗೈ ಸತ್ತಿರಲಿಲ್ಲ, ಗೊತ್ತಿಲ್ಲದೆ ಅದು ಸಹಾಯಕ್ಕೆ ಬಂದಿತೋ ಏನೋ ಎಂಬ ಅನುಮಾನ ಹೋಗಲಿಲ್ಲ.

ಶನಿವಾರ ಮತ್ತೆ ಹೋದೆ. ಅಂದು ಸೊಸೆಗೆ ರಜೆ, ಮನೆಯಲ್ಲೇ ಇದ್ದಳು. ಅಕ್ಕ ಹೊಸ್ತಿಲು ದಾಟಿಸಿದಳು, ಬೈಯಲಿಲ್ಲ. ಬ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದಳು.

"ಇದರ ಹೆಸರೇನಂದೆ?"

"ಕ್ಲೋಸ್ ಎಂಡ್. ಬುಡ ಬಿಚ್ಚಲ್ಲ."

"ಹೂಂ," ಎಂದಳು. ಸ್ನಾನಕ್ಕೆ ಎದ್ದಳು. ಸ್ನಾನವಾದ ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆ ಹೋಗಬೇಕೆಂದಿದ್ದೆ, ಮುಖಕ್ಕೇ ಚಿಲಕ ಬಿತ್ತು.

ನಾನೂ ಸೊಸೆಯೂ ಹೊರಗೆ ನಿಂತೆವು. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಸದ್ದಿಲ್ಲ.

"ತಲೆಯಿಂದ ಇಳೀತೋ ಇಲ್ವೋ," ಎಂದಳು ಸೊಸೆ.

"ಇಳಿದಿರುತ್ತೆ ಬಿಡು."

ಸರ್ ಎಂದು ಒಂದು ಸದ್ದು ಬಂತು. ಅರ್ಧಕ್ಕೇ ನಿಂತಿತು. ಸೊಸೆ ಬಾಗಿಲು ಬಡಿಯಲು ಕೈ ಎತ್ತಿದಳು, ನಾನು ಹಿಡಿದುಕೊಂಡೆ. ಒಳಗೆ ಅಕ್ಕ ಯಾರನ್ನೋ ಬೈದಳು, ನನ್ನನ್ನೇ ಇರಬೇಕು. ಮತ್ತೆ ಮಂಚದ ಸದ್ದು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾನು ಬಾಗಿಲಿಗೆ ಕಿವಿ ಇಟ್ಟೆ. ಆಮೇಲೆ ಮತ್ತೆ ಆ ಸದ್ದು, ಈ ಸಲ ನಿಲ್ಲಲಿಲ್ಲ, ಉದ್ದಕ್ಕೆ ಒಂದೇ ಎಳೆತ.

ಸೀರೆ ಸುತ್ತಿಕೊಂಡು ಹೊರಬರಲು ಇನ್ನೂ ಕಾಲು ಗಂಟೆಯಾಯಿತು. ಬಾಗಿಲು ತೆರೆದು ನಿಂತಳು. ಬ್ಲೌಸು ಕುತ್ತಿಗೆಯ ತನಕ ನೆಟ್ಟಗೆ ಮುಚ್ಚಿತ್ತು. ದಾರ ಒಳಗಿತ್ತು.

"ಎಲಾಸ್ಟಿಕ್‌ಗೆ ಸಿಕ್ಸಿದ್ದು ನಿಲ್ತಾ?" ಎಂದು ಕೇಳಿದೆ.

"ನಿನ್ನ ಎಲಾಸ್ಟಿಕ್ ಎಲ್ಲಿ ನಿಲ್ಲುತ್ತೆ? ಎಳೆದ್ರೆ ಅದೂ ಎದ್ದು ಬರುತ್ತೆ."

"ಮತ್ತೆ ಹೆಂಗೇ ಎಳೆದೆ?"

ಅವಳು ಮಂಚದ ತುದಿಗೆ ಹೋಗಿ ಕೂತಳು. ಸೆರಗು ಸರಿಸಿ, ಬುಡದ ಬಾಲವನ್ನು ತೊಡೆಯ ಮೇಲೆ ಹಾಸಿದಳು. ಬಲಗೈಯಿಂದ ಎಡಗೈಯನ್ನು ಎತ್ತಿ, ರುಬ್ಬುವ ಕಲ್ಲಿನ ಗುಂಡು ಇಡುವ ಹಾಗೆ, ಆ ಬಾಲದ ಮೇಲೆ ಇಟ್ಟಳು. ಸ್ವಲ್ಪ ಮುಂದಕ್ಕೆ ಬಾಗಿ ಮೈಯ ಭಾರವನ್ನೂ ಅದರ ಮೇಲೆ ಬಿಟ್ಟಳು. ಬಾಲ ಅಲ್ಲಾಡಲಿಲ್ಲ. ಹೆಬ್ಬೆರಳನ್ನು ಬಳೆಗೆ ಹಾಕಿ ರನ್ನರನ್ನು ಕೆಳಗಿಳಿಸಿ, ಮತ್ತೆ ಮೇಲಕ್ಕೆ ಎಳೆದು ತೋರಿಸಿದಳು.

ಡಾಕ್ಟರು ಕೆಲಸಕ್ಕೆ ಬಾರದು ಎಂದ ಕೈ ಅದು. ನಾನು ಜಿಪ್ಪಿನ ಹಲ್ಲು ನೋಡಿ ಬೆರಗಾದವಳು, ಈಗ ಆ ಕೈಯನ್ನೇ ನೋಡುತ್ತಾ ನಿಂತೆ. ಒಂದು ವಾರ ತಲೆ ಕೆಡಿಸಿಕೊಂಡು ನಾನು ಕಂಡುಹಿಡಿಯದ್ದನ್ನು ಅವಳು ಮುಚ್ಚಿದ ಬಾಗಿಲ ಹಿಂದೆ, ಹಸಿದ ಹೊಟ್ಟೆಯಲ್ಲಿ, ಅರ್ಧ ಹಾಕಿದ ಬ್ಲೌಸಿನಲ್ಲಿ ಕೂತು ಕಂಡುಹಿಡಿದಿದ್ದಳು.

"ಏನ್ ನೋಡ್ತೀಯ? ಬಿಲ್ಪತ್ರೆ ತಗೊಂಡ್ ಬಾ," ಎಂದಳು.

ಅವಳ ಪೂಜೆ ಮುಗಿದಾಗ ಒಂಬತ್ತೂವರೆ ಆಗಿರಲಿಲ್ಲ. ಅವಲಕ್ಕಿ ತಿಂದಳು, ಎರಡನೆಯ ಸಲ ಹಾಕಿಸಿಕೊಂಡಳು, ಮಾತ್ರೆ ನುಂಗಿದಳು. ಸೊಸೆ ಮೇಜಿನ ಮೇಲಿನ ಕಾಗದವನ್ನು ಎತ್ತಿ ಎರಡು ತುಂಡು ಮಾಡಿದಳು. ಅಕ್ಕ ಅದನ್ನು ನೋಡಿಯೂ ನೋಡದ ಹಾಗೆ ಚಹಾ ಕೇಳಿದಳು.

ಅಂದು ಅಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದ ಕೂಡಲೇ ಅವಳ ಬೀರು ತೆಗೆದು ಉಳಿದ ಬ್ಲೌಸುಗಳನ್ನೆಲ್ಲ ಹೊರಗೆ ಹಾಕಿದೆ. ಎಂಟು ಇದ್ದವು. ಜಗಲಿಯ ಮೇಲೆ ಬಿಸಿಲಿಗೆ ಕೂತು, ಬ್ಲೇಡು ಹಿಡಿದು, ಒಂದೊಂದರ ಹುಕ್ಕನ್ನೂ ಕಿತ್ತು ಹಾಕತೊಡಗಿದೆ. ಎಲ್ಲ ನಾನೇ ಗಟ್ಟಿಯಾಗಿ ಹೊಲಿದವು, ಸುಲಭಕ್ಕೆ ಬರಲಿಲ್ಲ. ಅಕ್ಕ ಪೂಜೆ ಮುಗಿಸಿ ತಿಂಡಿಯ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಮೂರು ಮುಗಿದಿದ್ದವು.